ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಂಜಿನ್ ಲೈಟ್ ಬಂತಾ? ಆರಿಸುವ ಮೊದಲು ಓದಿಸಿ

"ಎಂಜಿನ್ ಲೈಟ್ ಬಂದದ, ಸ್ವಲ್ಪ ಆರ್ಸಿ ಕೊಡ್ರಿ." ನನ್ನ ಶೆಡ್ಡಿಗೆ ಬರುವವರಲ್ಲಿ ಬಹಳ ಮಂದಿ ಹೀಗೇ ಕೇಳುತ್ತಾರೆ. ಯಾಕೆ ಬಂತು ನೋಡಿ ಅನ್ನುವವರು ಕಡಿಮೆ. ಆರಿಸುವುದು ಎರಡು ನಿಮಿಷದ ಕೆಲಸ. ಸ್ಕ್ಯಾನರ್ ಹಚ್ಚಿ ಒಂದು ಬಟನ್ ಒತ್ತಿದರೆ ಮುಗಿಯಿತು. ಆದರೆ ಅದರ ಜೊತೆಗೇ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಂಡ ಲೆಕ್ಕವೂ ಹೋಗುತ್ತದೆ. ಯಾವ ಭಾಗದಲ್ಲಿ ತಪ್ಪು, ಆಗ ಎಂಜಿನ್ ಎಷ್ಟು ಬಿಸಿ ಇತ್ತು, ಗಾಡಿ ಎಷ್ಟು ವೇಗದಲ್ಲಿತ್ತು, ಎಲ್ಲ ಅಳಿಸಿಹೋಗುತ್ತದೆ. ನಾಳೆ ವಾರಂಟಿ ಕೇಳಲು ಹೋದರೆ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ನಾನು ಮೊದಲು ಕಲಬುರಗಿಯ ಒಂದು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ಕೌಂಟರ್ ಹಿಂದೆ ಕೂತು ಜಾಬ್ ಕಾರ್ಡ್ ಬರೆಯುತ್ತಿದ್ದೆ. ಈಗ ಹುಮನಾಬಾದ್ ರೋಡಿನಲ್ಲಿ, ಕಪನೂರಿನ ಹತ್ತಿರ, ಸ್ವಂತ ಶೆಡ್. ವೈರಿಂಗ್, ಸೆನ್ಸರ್, ಸ್ಕ್ಯಾನಿಂಗ್ ನನ್ನ ಕೆಲಸ. ವಾರಂಟಿಗೆ ಹೌದು ಅನ್ನುವವರು, ಅಲ್ಲ ಅನ್ನುವವರು, ಇಬ್ಬರ ಪಕ್ಕದಲ್ಲೂ ಕೂತಿದ್ದೇನೆ. ಹಾಗಾಗಿ ಹಳೆ ಗಾಡಿ ತಗೊಂಡವರಿಗೂ ತಗೊಳ್ಳುವವರಿಗೂ ಇದನ್ನು ಬರೆಯುತ್ತಿದ್ದೇನೆ.

ಬಣ್ಣ ನೋಡಿ, ಆಮೇಲೆ ಗಾಬರಿ

ಕೆಂಪು ಲೈಟ್ ಅಂದರೆ ನಿಲ್ಲಿಸಿ. ಹಳದಿ ಅಂದರೆ ನೋಡಿಕೊಂಡು ಹೋಗಿ, ಬೇಗ ತೋರಿಸಿ.

ಕೆಂಪಿನಲ್ಲಿ ಎಲ್ಲಕ್ಕಿಂತ ಅಪಾಯದ್ದು ಆಯಿಲ್ ಪ್ರೆಶರ್ ಲೈಟ್. ಎಣ್ಣೆ ಹನಿ ತೊಟ್ಟಿಕ್ಕುವ ಗಿಂಡಿಯ ಚಿತ್ರ. ಅದು ಬಂದರೆ "ಮುಂದಿನ ಊರ ತನ ಹೋಗೋಣ" ಅನ್ನಬೇಡಿ. ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ. ಎಣ್ಣೆ ಒತ್ತಡ ಇಲ್ಲದೆ ಓಡಿದರೆ ಎಂಜಿನ್ ಬೇರಿಂಗ್ ಹೋಗಲು ಜಾಸ್ತಿ ಹೊತ್ತು ಬೇಕಿಲ್ಲ.

ಎರಡನೆಯದು ಟೆಂಪರೇಚರ್. ನಮ್ಮ ಕಡೆ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆ ಹೇಳಬೇಕಾ? ಮಧ್ಯಾಹ್ನ 42, 43 ಡಿಗ್ರಿ. ಜೇವರ್ಗಿ ರೋಡಿನಲ್ಲಿ ಲಾರಿ ಹಿಂದೆ ಎಸಿ ಹಾಕಿಕೊಂಡು ತೆವಳುವಾಗ ಮುಳ್ಳು ಮೇಲೇರಿದರೆ ಮೊದಲು ಎಸಿ ಬಂದ್ ಮಾಡಿ. ಹೀಟರ್ ಪೂರ್ತಿ ಹಾಕಿ. ಒಳಗೆ ಕೂತವರು ಬೈಯುತ್ತಾರೆ, ಬೈಯಲಿ. ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಇಳಿದು ನಿಲ್ಲಿಸುವ ಜಾಗ ಸಿಗುವ ತನಕ ಟೈಮ್ ಸಿಗುತ್ತದೆ. ಕೆಂಪು ಲೈಟೇ ಬಂದರೆ ಅಷ್ಟೂ ಕಾಯಬೇಡಿ, ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕುದಿಯುವ ನೀರು ಮುಖಕ್ಕೇ ಹಾರುತ್ತದೆ.

ಬ್ಯಾಟರಿ ಚಿತ್ರದ ಕೆಂಪು ಲೈಟ್ ಅಂದರೆ ಬ್ಯಾಟರಿ ಹೋಗಿದೆ ಅಂತ ಅಲ್ಲ, ಚಾರ್ಜ್ ಆಗುತ್ತಿಲ್ಲ ಅಂತ. ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಟ್ಟಿರಬಹುದು, ಬೆಲ್ಟ್ ಹರಿದಿರಬಹುದು. ಕೆಲವು ಗಾಡಿಗಳಲ್ಲಿ ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತದೆ. ಆಗ ಹಿಂದೆಯೇ ಬಿಸಿಯೂ ಏರುತ್ತದೆ.

ಇನ್ನು ಹಳದಿ ಎಂಜಿನ್ ಚಿತ್ರ. ಸುಮ್ನೆ ಹತ್ತಿಕೊಂಡಿದ್ದು ಗಾಡಿ ಮಾಮೂಲಾಗಿ ಓಡುತ್ತಿದ್ದರೆ ನಿಧಾನಕ್ಕೆ ಮನೆಗೆ ಹೋಗಬಹುದು. ಮಿನುಗುತ್ತಿದ್ದರೆ ಬೇರೆ ಮಾತು. ಪೆಟ್ರೋಲ್ ಗಾಡಿಯಲ್ಲಿ ಹಾಗೆ ಮಿನುಗಿದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಡುತ್ತದೆ. ಕಿಡಿಗೆ ಕರೆಂಟ್ ಕೊಡುವ ಒಂದು ಕಾಯಿಲ್ ಬದಲಿಸಿದರೆ ಮುಗಿಯುತ್ತಿದ್ದ ಖರ್ಚು ಹತ್ತಾರು ಸಾವಿರಕ್ಕೆ ಹೋಗುತ್ತದೆ. ಆಕ್ಸಿಲರೇಟರ್ ಬಿಡಿ, ನಿಲ್ಲಿಸಿ.

ಇನ್ನೊಂದು ಮಾತು. ಲೈಟ್ ಬಂದ ಮೇಲೆ ಎಷ್ಟು ಕಿಲೋಮೀಟರ್ ಓಡಿಸಿದಿರಿ ಅಂತ ಗಾಡಿ ಲೆಕ್ಕ ಇಡುತ್ತದೆ. "ನಿನ್ನೆ ಸಂಜೆ ಬಂತ್ರಿ" ಅಂತ ನೀವು ಕೌಂಟರ್‌ನಲ್ಲಿ ಹೇಳುತ್ತೀರಿ, ಸ್ಕ್ಯಾನರ್ 1,400 ಕಿ.ಮೀ. ತೋರಿಸುತ್ತದೆ. ವಾರಂಟಿ ಇಲ್ಲ ಅನ್ನಲು ಅಷ್ಟು ಸಾಕು. ಗೊತ್ತಿದ್ದೂ ಓಡಿಸಿ ಕೆಡಿಸಿಕೊಂಡಿದ್ದನ್ನು ಯಾವ ಕಂಪನಿಯೂ ತುಂಬಿಕೊಡುವುದಿಲ್ಲ.

ಕೋಡ್ ಓದುವುದು

ಕಂಡ ತಪ್ಪಿಗೆ ಗಾಡಿಯ ಕಂಪ್ಯೂಟರ್ ಕೊಡುವ ನಂಬರೇ ಕೋಡ್. ಸ್ಟೇರಿಂಗ್ ಕೆಳಗೆ, ನಿಮ್ಮ ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಪೋರ್ಟ್. ಬಿಎಸ್-4 ಮತ್ತು ಬಿಎಸ್-6 (ಸರ್ಕಾರದ ಹೊಗೆ ನಿಯಮದ ಹಂತಗಳು) ಕಾರುಗಳಲ್ಲಿ ಸಿಗುತ್ತದೆ. ಅದಕ್ಕೆ ಹಾಕುವ ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿ ಒಳಗೇ ಸಿಗುತ್ತದೆ, ಮೊಬೈಲ್ ಆ್ಯಪ್ ಉಚಿತವಾಗಿಯೂ ಇದೆ. ತೀರಾ ಅಗ್ಗದ್ದು ಕೆಲವು ಗಾಡಿಗಳ ಜೊತೆ ಮಾತಾಡುವುದಿಲ್ಲ. ಆಗ ನನ್ನಂಥವನ ಹತ್ತಿರ ಹೋಗಿ. "ಬರೇ ಓದಿ, ಅಳಿಸಬೇಡಿ" ಅಂತ ಮೊದಲೇ ಹೇಳಿ. ಕೆಲವರಿಗೆ ಕೈ ತಡೆಯುವುದಿಲ್ಲ.

ಓದಿದ ಮೇಲೆ ಫೋಟೊ ತೆಗೆದುಕೊಳ್ಳಿ. ಕೋಡ್ ಇರುವ ಸ್ಕ್ರೀನ್, ಫ್ರೀಜ್ ಫ್ರೇಮ್ (ತಪ್ಪು ಕಂಡ ಹೊತ್ತಿನ ಬಿಸಿ, ವೇಗದ ಲೆಕ್ಕ) ಸ್ಕ್ರೀನ್, ಲೈಟ್ ಮತ್ತು ಕಿ.ಮೀ. ಎರಡೂ ಕಾಣುವ ಹಾಗೆ ಮೀಟರ್. ಈ ಮೂರು ಇದ್ದರೆ ಮುಂದಿನ ಮಾತು ಸುಲಭ.

ಕೋಡ್ ಅಂದರೆ ಬದಲಿಸಬೇಕಾದ ಸಾಮಾನಿನ ಹೆಸರು ಅಂತ ತಿಳಿಯಬೇಡಿ. ಇಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಪಿ0420 ಬಂದರೆ ಕನ್ವರ್ಟರ್ ಕೆಲಸ ಕಮ್ಮಿಯಾಗಿದೆ ಅಂತ ಕಂಪ್ಯೂಟರ್‌ಗೆ ಅನಿಸಿದೆ, ಅಷ್ಟೇ. ಆಕ್ಸಿಜನ್ ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ಸೈಲೆನ್ಸರ್ ಪೈಪ್ ಎಲ್ಲೋ ಸೋರುತ್ತಿರಬಹುದು. ನೇರವಾಗಿ ಕನ್ವರ್ಟರ್ ಎಸ್ಟಿಮೇಟ್ ಕೊಟ್ಟರೆ "ಹೆಂಗ ಗೊತ್ತಾಯ್ತು?" ಅಂತ ಕೇಳಿ.

ಒಂದು ಉದಾಹರಣೆ. ಪಿ0302 ಬಂತು ಅನ್ನಿ. ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ. ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಕಾಯಿಲ್ ಇರುವ ಗಾಡಿ. ಎಂಜಿನ್ ತಣ್ಣಗಾದ ಮೇಲೆ ಎರಡನೆಯದರ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕುತ್ತೇನೆ, ಮೂರನೆಯದರದು ಎರಡಕ್ಕೆ. ಇಷ್ಟು ಹೊತ್ತಿಗೆ ಫೋಟೊ ಆಗಿರುತ್ತದೆ, ಈಗ ಕೋಡ್ ಅಳಿಸಬಹುದು. ರಿಂಗ್ ರೋಡಿನಲ್ಲಿ ಒಂದು ರೌಂಡ್ ಹೋಗಿ ಬಂದು ಮತ್ತೆ ಓದುತ್ತೇನೆ. ಕೋಡ್ ಪಿ0303 ಆಗಿದ್ದರೆ ಕಾಯಿಲ್ಲೇ ಕೆಟ್ಟಿದೆ, ತಪ್ಪು ಅದರ ಜೊತೆ ಜಾಗ ಬದಲಿಸಿತು. ಪಿ0302 ಆಗಿಯೇ ಉಳಿದರೆ ಕಾಯಿಲ್ ಚಲೋ ಇದೆ, ಪ್ಲಗ್, ಇಂಜೆಕ್ಟರ್, ವೈರ್ ಕಡೆ ನೋಡಬೇಕು. ಒಂದು ರೂಪಾಯಿ ಸಾಮಾನು ತರದೆ ಉತ್ತರ ಸಿಕ್ಕಿತು, ಅಲ್ವಾ? ಆದರೆ ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಇದನ್ನೂ ಮಾಡಬೇಡಿ. ಹೊರಗಿನವರು ಬಿಚ್ಚಿದ ಗುರುತು ಕಂಡರೆ ಅದೇ ನೆಪವಾಗುತ್ತದೆ.

ತಗೊಳ್ಳುವ ಮೊದಲು

ಹಳೆ ಗಾಡಿ ನೋಡಲು ಹೋದಾಗ ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ಸುಮ್ನೆ ಕೂತು ಮೀಟರ್ ನೋಡಿ. ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಆಯಿಲ್, ಬ್ಯಾಟರಿ, ಎಲ್ಲ ಲೈಟೂ ಒಮ್ಮೆ ಬರಬೇಕು. ಏರ್‌ಬ್ಯಾಗ್, ಎಬಿಎಸ್ ಸ್ವಲ್ಪ ಹೊತ್ತಿಗೆ ಆರುತ್ತವೆ, ಉಳಿದವು ಸ್ಟಾರ್ಟ್ ಆದ ಮೇಲೆ ಹೋಗುತ್ತವೆ. ಎಂಜಿನ್ ಲೈಟ್ ಬರಲೇ ಇಲ್ಲ ಅಂದರೆ ಗಾಡಿ ಚಲೋ ಇದೆ ಅಂತ ಅಲ್ಲ. ಯಾರೋ ಅದನ್ನು ಮುಚ್ಚಿರಬಹುದು. ಏರ್‌ಬ್ಯಾಗ್ ಲೈಟ್ ಬರದಿದ್ದರೆ ಇನ್ನೂ ಅನುಮಾನ ಪಡಬೇಕು. ಆಕ್ಸಿಡೆಂಟ್‌ನಲ್ಲಿ ಏರ್‌ಬ್ಯಾಗ್ ಒಡೆದು, ಹೊಸದು ಹಾಕದೆ, ಲೈಟಿಗೆ ಮಾತ್ರ ಔಷಧಿ ಮಾಡಿದ ಗಾಡಿಗಳಿವೆ.

ಆಮೇಲೆ ಸ್ಕ್ಯಾನ್. ಕೋಡ್ ಒಂದನ್ನೇ ನೋಡಬೇಡಿ. ಇನ್ನೆರಡು ಕಡೆ ಕಣ್ಣಿಡಿ. ಒಂದು, ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅನ್ನುವ ಲೆಕ್ಕ. ಇನ್ನೊಂದು, ರೆಡಿನೆಸ್ ಮಾನಿಟರ್. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ಮುಗಿಸಿದೆಯಾ ಅಂತ ಅದು ಹೇಳುತ್ತದೆ. ಕೋಡ್ ಅಳಿಸಿದರೆ ಇವೆಲ್ಲ 'ಅಪೂರ್ಣ' ಅಂತ ತೋರಿಸುತ್ತವೆ.

ಆಳಂದ ಕಡೆಯ ಒಬ್ಬರು ಮಾಸ್ತರು ಹೈದರಾಬಾದಿನಿಂದ ಬಂದ ಡೀಸೆಲ್ ಗಾಡಿ ನೋಡಿದ್ದರು. ಅಡ್ವಾನ್ಸ್ ಕೊಡುವ ಮೊದಲು ತೋರಿಸಲು ಬಂದರು, ಜೊತೆಗೆ ಮಾರುವವನ ಕಡೆಯ ಹುಡುಗ. ಗಾಡಿ ತೊಳೆದು ಪಾಲಿಶ್ ಹೊಡೆದು ಫಳಫಳ ಅಂತಿತ್ತು. ಕೋಡ್ ಒಂದೂ ಇಲ್ಲ. ಆದರೆ ಅಳಿಸಿದ ಮೇಲೆ ಓಡಿದ್ದು 23 ಕಿ.ಮೀ. ಮಾನಿಟರ್‌ಗಳೆಲ್ಲ ಅಪೂರ್ಣ. ಹುಡುಗನನ್ನು ಕೇಳಿದೆ. "ಬ್ಯಾಟರಿ ಬದಲ್ ಮಾಡೀವ್ರಿ ಅಣ್ಣಾ, ಅದಕ್ಕ ಹಂಗ ತೋರಸ್ತದ" ಅಂದ. ಇದು ಪೂರ್ತಿ ಸುಳ್ಳಲ್ಲ. ಬ್ಯಾಟರಿ ಬಿಚ್ಚಿದರೂ ಹಲವು ಗಾಡಿಗಳಲ್ಲಿ ಹೀಗೆ ಆಗುತ್ತದೆ. ಬಾನೆಟ್ ಎತ್ತಿದೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಬೂಸು ಗಟ್ಟಿಯಾಗಿ ಕೂತಿತ್ತು, ಸ್ಪ್ಯಾನರ್ ಹಾಕಿದ ಗುರುತೇ ಇಲ್ಲ. ಹುಡುಗ ಮೊಬೈಲ್ ನೋಡತೊಡಗಿದ. ಮಾಸ್ತರಿಗೆ ಹೇಳಿದೆ: "ಬ್ಯಾಡ ಅನ್ನಲ್ರಿ ಸರ್, ಎರಡು ದಿನ ಓಡಿಸಿ ಮತ್ತ ಹಚ್ಚಿ ನೋಡೋಣು." ಹಲವು ತಪ್ಪುಗಳಿಗೆ ಕಂಪ್ಯೂಟರ್ ಮೊದಲ ಸಲ ಲೈಟ್ ಹಚ್ಚುವುದಿಲ್ಲ, 'ಪೆಂಡಿಂಗ್' ಅಂತ ಬರೆದಿಟ್ಟುಕೊಂಡು ಎರಡನೇ ಸಲ ಕಂಡರೆ ಹಚ್ಚುತ್ತದೆ. ಆ ಗಾಡಿ ಆಳಂದ ಹೋಗಿ ಬರುವಷ್ಟರಲ್ಲಿ ಡಿಪಿಎಫ್ ಕೋಡ್ ಪೆಂಡಿಂಗ್‌ನಲ್ಲಿ ಬಂದು ಕೂತಿತ್ತು. ಮಾಸ್ತರು ಬೇರೆ ಗಾಡಿ ನೋಡಿದರು.

ಡಿಪಿಎಫ್ ಅಂದರೆ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿರುವ ಹೊಗೆಯ ಜಾಳಿಗೆ. ಮಸಿ ಅದರಲ್ಲಿ ಕೂರುತ್ತದೆ, ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ಓಡಿದರೆ ಸುಟ್ಟು ಖಾಲಿಯಾಗುತ್ತದೆ. ದಿನವೂ ಸೂಪರ್ ಮಾರ್ಕೆಟ್‌ನಿಂದ ರಾಮ ಮಂದಿರದ ತನಕ ಮಾತ್ರ ಓಡುವ ಗಾಡಿಯಲ್ಲಿ ಅದು ತುಂಬಿಕೊಳ್ಳುತ್ತಲೇ ಇರುತ್ತದೆ. ಆ ಲೈಟ್ ಬಂದರೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ವೇಗ ನೋಡಿಕೊಂಡು ಹುಮನಾಬಾದ್ ಕಡೆ ಒಂದು ಇಪ್ಪತ್ತು ನಿಮಿಷ ನಿಲ್ಲದೆ ಹೋಗಿ ಬನ್ನಿ, ಸಾಮಾನ್ಯವಾಗಿ ಹೋಗುತ್ತದೆ. ಲೈಟ್ ಬಂದರೂ ಬಿಟ್ಟು ಪೂರ್ತಿ ಕಟ್ಟಿಕೊಂಡರೆ ಖರ್ಚು ದೊಡ್ಡದು. ಅದು ನಿಮ್ಮ ಓಡಿಸುವ ರೀತಿಯಿಂದ ಆಗಿದ್ದು ಅಂತ ವಾರಂಟಿ ಇಲ್ಲ ಅನ್ನುವುದೂ ಉಂಟು. ಊರೊಳಗೇ ಓಡಾಡುವವರು ಬಿಎಸ್-6 ಡೀಸೆಲ್ ತಗೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೈಲೇಜ್ ಆಸೆಗೆ ಬಿದ್ದು ತಗೊಂಡವರು ನನ್ನ ಶೆಡ್ಡಿನ ಕಾಯಂ ಗಿರಾಕಿಗಳು.

ವಾರಂಟಿ ಯಾರದು?

"ವಾರಂಟಿ ಅದ ರೀ" ಅಂತ ಮಾರುವವನು ಹೇಳಿದರೆ ಯಾರ ವಾರಂಟಿ ಅಂತ ಕೇಳಿ. ಕಂಪನಿಯ ಮೂಲ ವಾರಂಟಿ ಒಂದು. ಮೊದಲ ಮಾಲೀಕ ದುಡ್ಡು ಕೊಟ್ಟು ತಗೊಂಡ ಎಕ್ಸ್‌ಟೆಂಡೆಡ್ ವಾರಂಟಿ ಇನ್ನೊಂದು. ಹಳೆ ಗಾಡಿ ಮಾರುವ ಅಂಗಡಿಯವರು ತಮ್ಮ ಕಡೆಯಿಂದ ಕೊಡುವುದು ಮತ್ತೊಂದು.

ಮೂಲ ವಾರಂಟಿ ಸಾಮಾನ್ಯವಾಗಿ ಗಾಡಿಯ ಜೊತೆಗೇ ಬರುತ್ತದೆ, ಮಾಲೀಕ ಬದಲಾದರೂ ಉಳಿಯುತ್ತದೆ. ವರ್ಷ ಅಥವಾ ಕಿ.ಮೀ., ಯಾವುದು ಮೊದಲು ಮುಗಿಯುತ್ತದೋ ಅದು. ಲೆಕ್ಕ ಶುರುವಾಗುವುದು ಗಾಡಿ ಮೊದಲ ಮಾಲೀಕನ ಕೈಗೆ ಸಿಕ್ಕ ದಿನದಿಂದ, ನೀವು ತಗೊಂಡ ದಿನದಿಂದ ಅಲ್ಲ. ಒಂದೇ ಕಂಪನಿಯಲ್ಲೂ ವರ್ಷ ನೋಡಬೇಕು. ಮಾರುತಿ 2024ರ ಜುಲೈನಲ್ಲಿ 2 ವರ್ಷ ಅಥವಾ 40,000 ಕಿ.ಮೀ. ಇದ್ದಿದ್ದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾಡಿತು. ಅದಕ್ಕಿಂತ ಮೊದಲು ಡೆಲಿವರಿ ಆದ ಗಾಡಿಗೆ ಹೊಸ ಲೆಕ್ಕ ಹಿಡಿದು ಮಾತಾಡಿದರೆ ಕೌಂಟರ್‌ನಲ್ಲಿ ಮುಖಭಂಗ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗೆ ಬೇರೆ ವಾರಂಟಿ, 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅನ್ನುವುದು ಸಾಮಾನ್ಯ. ಎರಡನೇ ಮಾಲೀಕನಿಗೂ ಅದೇ ಸಿಗುತ್ತದಾ ಅಂತ ಕೇಳಿಕೊಳ್ಳಿ.

ಎಕ್ಸ್‌ಟೆಂಡೆಡ್ ವಾರಂಟಿ ತಾನಾಗಿಯೇ ನಿಮ್ಮ ಹೆಸರಿಗೆ ಬಂದುಬಿಡುತ್ತದೆ ಅಂತ ಕೂರಬೇಡಿ. ಹೆಸರು ಬದಲಿಸಲು ಅರ್ಜಿ, ಆರ್‌ಸಿ ಕಾಪಿ, ಕೆಲವು ಕಡೆ ಫೀಸು ಕೇಳುತ್ತಾರೆ. ಹಾಗಾಗಿ ಆರ್‌ಸಿ ವರ್ಗಾವಣೆ ತಡ ಮಾಡಬೇಡಿ. ಅಂಗಡಿಯವರ ವಾರಂಟಿ ಕಾಗದವನ್ನು ಅಕ್ಷರ ಅಕ್ಷರ ಓದಿ. ಬಹಳ ಸಲ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಳಗಿನ ಸಾಮಾನಿಗೆ ಮಾತ್ರ ಇರುತ್ತದೆ. ಎಂಜಿನ್ ಲೈಟ್ ತರುವ ಸೆನ್ಸರ್, ವೈರಿಂಗ್ ಅದರಲ್ಲಿ ಇರುವುದೇ ಇಲ್ಲ. ಮೊದಲು ನಮಗೆ ತಿಳಿಸದೆ ರಿಪೇರಿ ಮಾಡಿಸಿದರೆ ಕೊಡಲ್ಲ ಅಂತಲೂ ಬರೆದಿರುತ್ತಾರೆ.

ಇದೆಲ್ಲ ಬಾಯಿಮಾತಿನಲ್ಲಿ ಕೇಳುವ ಬದಲು ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ತಗೊಂಡು ಆ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ. ಮಾಲೀಕನನ್ನೂ ಕರೆದುಕೊಂಡು ಹೋದರೆ ಒಳ್ಳೆಯದು, ಎಲ್ಲರಿಗೂ ಮಾಹಿತಿ ಕೊಡುವುದಿಲ್ಲ. ವಾರಂಟಿ ಶುರುವಾದ ದಿನ, ಎಕ್ಸ್‌ಟೆಂಡೆಡ್ ಇದೆಯಾ, ಯಾವ ಸರ್ವಿಸ್ ಎಷ್ಟು ಕಿ.ಮೀ.ಗೆ ಆಗಿದೆ, ಎಲ್ಲ ಕಂಪ್ಯೂಟರ್‌ನಲ್ಲಿ ಬರುತ್ತದೆ. ಹಿಂದಿನ ಸರ್ವಿಸ್‌ನಲ್ಲಿ 71,000 ಇದ್ದ ಗಾಡಿ ಈಗ 52,000 ತೋರಿಸಿದರೆ ಮೀಟರ್ ತಿರುಗಿಸಿದ್ದಾರೆ. ಎದ್ದು ಬನ್ನಿ.

ನಮ್ಮಲ್ಲಿ ಹೈದರಾಬಾದ್, ಸೋಲಾಪುರದ ಗಾಡಿ ಜಾಸ್ತಿ. "ಬ್ಯಾರೆ ಸ್ಟೇಟ್ ಗಾಡಿ, ಕೆಎ-32 (ಕಲಬುರಗಿ ನಂಬರ್) ಆಗಲಿ ಆಮೇಲೆ ಬರ್ರಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕಂಪನಿಯ ಮೂಲ ವಾರಂಟಿ ದೇಶದ ಯಾವ ಅಧಿಕೃತ ಸೆಂಟರ್‌ನಲ್ಲೂ ನಡೆಯುತ್ತದೆ. ಅಂಗಡಿಯವರ ವಾರಂಟಿ ಹಾಗಲ್ಲ. ಹೈದರಾಬಾದಿನ ಅಂಗಡಿ ಕೊಟ್ಟಿದ್ದಕ್ಕೆ ಹೈದರಾಬಾದಿಗೇ ಒಯ್ಯಬೇಕಾಗಬಹುದು.

ಏನೇನು ಬರಲ್ಲ? ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಫಿಲ್ಟರ್ ತರದ ಸವೆಯುವ ಸಾಮಾನು ಬರಲ್ಲ. ಟೈರ್, ಬ್ಯಾಟರಿಗೆ ಅವುಗಳ ಕಂಪನಿಯನ್ನೇ ಕೇಳಬೇಕು. ಹೊರಗೆ ವೈರ್ ಕತ್ತರಿಸಿ ಸ್ಟೀರಿಯೊ, ಹಾರ್ನ್, ಲೈಟ್ ಹಾಕಿಸಿದ್ದರೆ ಆ ಕಡೆಯ ಎಲೆಕ್ಟ್ರಿಕಲ್ ತಪ್ಪು ಬರಲ್ಲ. ಇಲಿ ಕಡಿದದ್ದೂ ಬರಲ್ಲ. ತೊಗರಿ ಚೀಲ ಇಡುವ ಗೋಡೌನ್ ಪಕ್ಕ ಗಾಡಿ ನಿಲ್ಲಿಸುವವರಿಗೆ ಇದು ದೊಡ್ಡ ಕಾಟ. ಅದಕ್ಕೆ ಇನ್ಶೂರೆನ್ಸ್‌ನವರನ್ನು ಕೇಳಿ ನೋಡಿ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದ ಮೇಲೆ ಎಬಿಎಸ್ ಲೈಟ್ ಬಂದರೆ ವಾರಂಟಿ ಮಾತಿಗೆ ಮೊದಲು ಚಕ್ರದ ಒಳಗೆ ಮೆತ್ತಿದ ಎರೆ ಮಣ್ಣು ತೊಳೆಸಿ. ಸೆನ್ಸರ್ ಅಲ್ಲೇ ಇರುತ್ತದೆ. ಆದರೆ ಎಂಜಿನ್ ಮೇಲೆ ಪ್ರೆಶರ್ ನೀರು ಬಿಡಿಸಬೇಡಿ. ತೊಳೆಸಿದ ಮಾರನೇ ದಿನವೇ ಎಂಜಿನ್ ಲೈಟ್ ಹಿಡಿದುಕೊಂಡು ಬರುವವರು ಬಹಳ.

ಕೌಂಟರ್‌ನಲ್ಲಿ

ಕೌಂಟರ್ ಹಿಂದೆ ಕೂತವನ ಕಷ್ಟ ನಿಮಗೆ ಗೊತ್ತಿರಲಿ. ಪ್ರತಿ ವಾರಂಟಿ ಕ್ಲೇಮಿಗೂ ಕೋಡ್, ಫೋಟೊ, ಕಾರಣ ಸೇರಿಸಿ ಕಂಪನಿಗೆ ಕಳಿಸಬೇಕು. ಅವರು ಒಪ್ಪದಿದ್ದರೆ ಆ ಖರ್ಚು ಡೀಲರ್ ತಲೆ ಮೇಲೆ. ಅದಕ್ಕೇ ಅನುಮಾನ ಬಂದ ಕೂಡಲೇ "ಬರಲ್ರಿ ಸರ್" ಅಂತ ಬಾಯಲ್ಲೇ ಮುಗಿಸಿಬಿಡುತ್ತಾರೆ. ಜಗಳ ಮಾಡಿದರೆ ಪ್ರಯೋಜನ ಇಲ್ಲ. ಅವನು ಕಳಿಸಲು ಬೇಕಾದ್ದನ್ನು ನೀವೇ ಕೈಗೆ ಕೊಡಿ.

ಜಾಬ್ ಕಾರ್ಡ್‌ನಲ್ಲಿ "ಲೈಟ್ ಚೆಕ್" ಅಂತ ಎರಡೇ ಮಾತು ಬರೆಸಬೇಡಿ. "48,210 ಕಿ.ಮೀ.ಗೆ ಎಂಜಿನ್ ಲೈಟ್ ಬಂತು, ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಅದುರುತ್ತದೆ, ಓವರ್‌ಟೇಕ್ ಮಾಡುವಾಗ ಪಿಕಪ್ ಇಲ್ಲ" ಹೀಗೆ ಬರೆಸಿ. ಬರೆದದ್ದನ್ನು ಓದಿ ಸಹಿ ಮಾಡಿ, ಕಾಪಿ ತಗೊಳ್ಳಿ. ಕ್ಲೇಮ್ ಆಗದಿದ್ದರೆ ಬಿಚ್ಚಿ ನೋಡಿದ ಕೂಲಿ ಎಷ್ಟು ಅಂತ ಮೊದಲೇ ಕೇಳಿ. ವಾರಂಟಿ ದಿನ ಮುಗಿಯಲು ಹತ್ತಿರ ಇದ್ದರೆ ಇದು ಇನ್ನೂ ಮುಖ್ಯ. ಅವಧಿಯೊಳಗೇ ದೂರು ದಾಖಲಾಗಿದ್ದರೆ ಆಮೇಲೆ ಅದೇ ತಪ್ಪು ಬಂದಾಗ ಹಿಡಿದುಕೊಳ್ಳಲು ಒಂದು ಕಾಗದ ಇರುತ್ತದೆ. ಸ್ವಲ್ಪ ದಿನ ದಾಟಿಹೋಗಿದ್ದರೂ ಎಲ್ಲ ಸರ್ವಿಸ್ ಟೈಮಿಗೆ ಆಗಿದ್ದರೆ ಗುಡ್‌ವಿಲ್ ಕೇಳಿ. ಕೆಲವು ಸಲ ಸಾಮಾನಿನ ಬೆಲೆಯಲ್ಲಿ ಒಂದು ಪಾಲು ಕಂಪನಿ ಹಾಕುತ್ತದೆ. ಕೇಳದೆ ಯಾರೂ ಕೊಡುವುದಿಲ್ಲ.

ಇಲ್ಲ ಅಂದರೆ ಯಾಕೆ ಇಲ್ಲ ಅಂತ ಬರಹದಲ್ಲಿ ಕೇಳಿ. ಇಮೇಲ್ ಸಾಕು. ಆಮೇಲೆ ಕಂಪನಿಯ ಕಸ್ಟಮರ್ ಕೇರ್‌ಗೆ ಜಾಬ್ ಕಾರ್ಡ್, ಕೋಡ್ ಫೋಟೊ, ಸರ್ವಿಸ್ ಹಿಸ್ಟರಿ ಹಚ್ಚಿ ಬರೆಯಿರಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊನೆಗೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ಇರುವ ಊರಲ್ಲೇ ದೂರು ಕೊಡಬಹುದು, ಹೈದರಾಬಾದಿನ ಡೀಲರ್ ಮೇಲಾದರೂ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಫೀಸು ಇಲ್ಲ, ತಕರಾರು ಹುಟ್ಟಿ 2 ವರ್ಷದೊಳಗೆ ಕೊಡಬೇಕು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು.

ಆದರೆ ಗಾಡಿ ವ್ಯಾಪಾರದವನಲ್ಲದ ಒಬ್ಬ ಮಾಲೀಕನಿಂದ ನೇರವಾಗಿ ತಗೊಂಡಿದ್ದರೆ ಗ್ರಾಹಕ ಆಯೋಗದ ದಾರಿ ಸಾಮಾನ್ಯವಾಗಿ ನಡೆಯುವುದಿಲ್ಲ. ಪರಿಚಯದವರು, ಬೀಗರು ಅಂತ ತಗೊಂಡವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅಲ್ಲಿ ನಿಮಗೆ ಉಳಿಯುವುದು ಮಾರಾಟದ ಕರಾರು ಪತ್ರ ಒಂದೇ. ಅದರಲ್ಲಿ ಈ ಸಾಲು ಸೇರಿಸಿ: "ಗಾಡಿ ಒಪ್ಪಿಸಿದ ದಿನ ಓಡಿದ್ದು ಇಷ್ಟು ಕಿ.ಮೀ., ಯಾವ ಎಚ್ಚರಿಕೆ ಲೈಟೂ ಇರಲಿಲ್ಲ, ಕೋಡ್ ಅಳಿಸಿ ಇಷ್ಟು ಕಿ.ಮೀ. ಆಗಿದೆ, ಸ್ಕ್ಯಾನ್ ಪ್ರಿಂಟ್ ಹಚ್ಚಿದೆ." ಇಬ್ಬರೂ ಸಹಿ ಮಾಡಿ. ಬೀಗರಿಗೆ ಬೇಜಾರಾಗುತ್ತದೆ ಅನಿಸಿದರೆ, ಸ್ಕ್ಯಾನ್ ಮಾಡಿದವನೇ ಬರೆಸಲು ಹೇಳಿದ ಅಂತ ನನ್ನ ಮೇಲೆ ಹಾಕಿ.